ಗೆಳೆಯರು ಸೇರಿ ಮಾಡಿದ ಆಲ್ಬಂ

ಕೇಳುಗರಿಗೆ ನಮಸ್ಕಾರ. ಇವತ್ತು ಬೆಲ್ ಅಂಡ್ ಸೆಬಾಸ್ಟಿಯನ್ ಎಂಬ ಸಂಗೀತ ತಂಡದ ಮೊದಲ ಆಲ್ಬಮ್ಮಿನ ಕಥೆ.

ಸ್ಕಾಟ್ಲೆಂಡಿನ ಗ್ಲಾಸ್ಗೋದ ಸ್ಟುವರ್ಟ್ ಮರ್ಡಾಕ್ ಹರೆಯದಲ್ಲಿ ಒಳ್ಳೆಯ ಓಟಗಾರ. ಕಾಲೇಜಿನಲ್ಲಿದ್ದಾಗ ವಿಪರೀತ ಸುಸ್ತಿನ ಕಾಯಿಲೆ ಹತ್ತಿಕೊಂಡಿತು. ಎರಡು ದಿನ ಮಲಗಿದರೆ ಹೋಗುವ ಸುಸ್ತಲ್ಲ. ವರ್ಷಗಟ್ಟಲೆ ಕಾಡಿತು. ಓಟ ನಿಂತಿತು, ಓದೂ ನಿಂತಿತು. ಆಗಲೇ ಅವರು ಹಾಡು ಕಟ್ಟಲು ಶುರುಮಾಡಿದ್ದು.

ಹಾಡೇನೋ ಹುಟ್ಟಿತು, ನುಡಿಸುವವರು ಬೇಕಲ್ಲ? ಕೆಲಸವಿಲ್ಲದ ಸಂಗೀತಗಾರರಿಗೆಂದು ಸರ್ಕಾರ ನಡೆಸುತ್ತಿದ್ದ ತರಬೇತಿಯಲ್ಲಿ ಬಾಸ್ ಗಿಟಾರಿನ ಸ್ಟುವರ್ಟ್ ಡೇವಿಡ್ ಸಿಕ್ಕರು. ಗಿಟಾರಿಗೆ ಸ್ಟೀವಿ ಜಾಕ್ಸನ್, ದೊಡ್ಡ ಪಿಟೀಲಿನಂಥ ಚೆಲ್ಲೊಗೆ ಇಸೊಬೆಲ್ ಕ್ಯಾಂಪ್‌ಬೆಲ್, ಕೀಬೋರ್ಡಿಗೆ ಕ್ರಿಸ್ ಗೆಡ್ಡೆಸ್ ಬಂದರು. ಡ್ರಮ್ಸ್ ಬಾರಿಸುವ ರಿಚರ್ಡ್ ಕೋಲ್ಬರ್ನ್ ಅಲ್ಲಿನ ಸ್ಟೋ ಕಾಲೇಜಿನಲ್ಲಿ ಸಂಗೀತದ ವ್ಯಾಪಾರ ಕಲಿಯುತ್ತಿದ್ದರು. ಹೀಗೆ 1996ರಲ್ಲಿ ಬೆಲ್ ಅಂಡ್ ಸೆಬಾಸ್ಟಿಯನ್ ತಂಡ ಕೂಡಿಬಂತು.

ಆ ಕಾಲೇಜಿನ ಹುಡುಗರು ಪಾಠದ ಭಾಗವಾಗಿ ವರ್ಷಕ್ಕೊಂದು ರೆಕಾರ್ಡ್ ಹೊರತರುತ್ತಿದ್ದರು. ಸಾಮಾನ್ಯವಾಗಿ ಒಂದೋ ಎರಡೋ ಹಾಡು, ಅಷ್ಟೇ. ಮರ್ಡಾಕ್ ಹತ್ತಿರ ಹಾಡುಗಳಿಗೆ ಬರವಿರಲಿಲ್ಲ. ಪೂರ್ತಿ ಆಲ್ಬಮ್ಮೇ ಆಗಲಿ ಎಂದರು. ಮೂರೇ ದಿನದಲ್ಲಿ ಹತ್ತು ಹಾಡು! ಹೆಸರು ಟೈಗರ್‌ಮಿಲ್ಕ್. ಒತ್ತಿಸಿದ್ದು ಬರೀ 1,000 ಪ್ರತಿ.

ಈಗ ಎಷ್ಟೋ ಹಾಡುಗಳನ್ನು ಬಿಡಿಬಿಡಿಯಾಗಿ ರೆಕಾರ್ಡ್ ಮಾಡುತ್ತಾರೆ. ಇವತ್ತು ಡ್ರಮ್ಸ್, ನಾಳೆ ಗಿಟಾರ್, ಆಮೇಲೆ ದನಿ. ತಪ್ಪಿದ ಕಡೆ ಮಾತ್ರ ತಿದ್ದಬಹುದು, ಅನುಕೂಲವೇ. ಒಂದೇ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ನುಡಿಸಿದರೆ ಕಥೆಯೇ ಬೇರೆ. ಡ್ರಮ್ಸಿನ ಸದ್ದು ಚೆಲ್ಲೊ ಮುಂದಿನ ಮೈಕಿಗೂ ನುಗ್ಗುತ್ತದೆ. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. ಮರ್ಡಾಕ್ ಅವರದು ಮೆಲುದನಿ ಬೇರೆ. ಅದು ಮುಳುಗಬಾರದು ಅಂದರೆ ಉಳಿದವರು ಕೈ ಹಗುರ ಮಾಡಲೇಬೇಕು. ಟೈಗರ್‌ಮಿಲ್ಕ್ ಆದ ಆ ಮೂರು ದಿನದಲ್ಲಿ ಬಿಡಿಬಿಡಿಯಾಗಿ ಕೂತು ತಿದ್ದಲು ಪುರುಸೊತ್ತೆಲ್ಲಿ? ಅದಕ್ಕೇ ಆ ಹಾಡುಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಕಿವಿಗೊಟ್ಟು ನುಡಿಸುವುದು ಕೇಳಿಸುತ್ತದೆ. ನನಗೆ ಆ ಆಲ್ಬಂ ಅಷ್ಟು ಇಷ್ಟವಾಗುವುದು ಇದಕ್ಕೇ.

ಟ್ರಂಪೆಟ್ ಊದಿದ ಮಿಕ್ ಕುಕ್ ಅವರನ್ನು ಹೇಳದೆ ಬಿಡಲಾರೆ. ಅವರು ಬಂದಿದ್ದು ಅತಿಥಿಯಾಗಿ. ಆಮೇಲೆ ತಂಡದವರೇ ಆಗಿ, ಬಹಳ ವರ್ಷ ಜೊತೆಗಿದ್ದರು.

ತಂಡ ದೊಡ್ಡದಾಯಿತು, ಹೊರದೇಶಗಳ ಸ್ಟುಡಿಯೋಗಳನ್ನೂ ಕಂಡಿತು. 2020ರಲ್ಲಿ ಹೊಸ ಆಲ್ಬಮ್ಮಿಗೆ ಲಾಸ್ ಏಂಜಲೀಸ್‌ಗೆ ಹೊರಡಬೇಕು ಅನ್ನುವಷ್ಟರಲ್ಲಿ ಕೊರೊನಾ ಬಂತು. ಗ್ಲಾಸ್ಗೋದಲ್ಲಿ ತಾವು ಅಭ್ಯಾಸ ಮಾಡುತ್ತಿದ್ದ ಜಾಗವನ್ನೇ ಸ್ಟುಡಿಯೋ ಮಾಡಿಕೊಂಡರು. ಅಲ್ಲಿ ತಯಾರಾದ ಆಲ್ಬಂ 2022ರ ಮೇ ತಿಂಗಳಲ್ಲಿ ಬಂತು. ಹಾಡು ಇನ್ನೂ ಮಿಕ್ಕಿದ್ದವು. 2023ರ ಜನವರಿಗೆ ಇನ್ನೊಂದು ಆಲ್ಬಂ!

ಇವರನ್ನು ಹೊಸದಾಗಿ ಕೇಳುವವರು ಟೈಗರ್‌ಮಿಲ್ಕ್ ಆಲ್ಬಮ್ಮಿನಿಂದಲೇ ಶುರುಮಾಡಿ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ಟ್ರಂಪೆಟ್ ಬರುವ ಜಾಗ ತಪ್ಪಿಸಿಕೊಳ್ಳಬೇಡಿ. ನಮಸ್ಕಾರ.