ಬಿದ್ದವನಿಗೆ ಪೆನಾಲ್ಟಿ: ರಗ್ಬಿ ಲೀಗ್‌ನಲ್ಲಿ ಗಾಯದ ನಟನೆ

ಎಲ್ಲರಿಗೂ ನಮಸ್ಕಾರ.

ಮೂರು ಸೆಕೆಂಡಿನ ಒಂದು ಘಟನೆಯಿಂದ ಮಾತು ಶುರುಮಾಡುತ್ತೇನೆ. ಚೆಂಡು ಅಪ್ಪಿಕೊಂಡು ನುಗ್ಗುವವನನ್ನು ಇಬ್ಬರು ಎದುರಾಳಿಗಳು ಹಿಡಿಯುತ್ತಾರೆ. ಒಬ್ಬನ ತೋಳು ಮೊದಲು ಚೆಂಡಿಗೆ ಬಡಿದು, ಅಲ್ಲಿಂದ ಜಾರಿ ಗದ್ದಕ್ಕೆ ತಾಗುತ್ತದೆ. ಬಿದ್ದವನು ತಟ್ಟನೆ ಎದ್ದು, ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ತಳ್ಳಿದರೆ ಆಟ ಮುಂದಕ್ಕೆ ಹೋಗುತ್ತದೆ, ಗದ್ದಕ್ಕೆ ತಾಗಿದ್ದನ್ನು ಯಾರೂ ಕೇಳುವುದಿಲ್ಲ. ಅದರ ಬದಲು ಮುಖ ಮುಚ್ಚಿಕೊಂಡು ಮಲಗಿಯೇ ಇದ್ದರೆ ರೆಫರಿ ಆಟ ನಿಲ್ಲಿಸುತ್ತಾರೆ. ಬಂಕರ್‌ನಲ್ಲಿ, ಅಂದರೆ ವಿಡಿಯೊ ಪರಿಶೀಲನೆಯ ಕೋಣೆಯಲ್ಲಿ, ಕುಳಿತ ವಿಡಿಯೊ ರೆಫರಿ ಅದೇ ದೃಶ್ಯವನ್ನು ನಿಧಾನಗತಿಯಲ್ಲಿ ನಾಲ್ಕು ಕೋನಗಳಿಂದ ನೋಡಿ ಬಿದ್ದವನ ತಂಡಕ್ಕೆ ಪೆನಾಲ್ಟಿ ಕೊಡುತ್ತಾರೆ. ತಾಗಿದ್ದು ಅಷ್ಟೇ, ಬದಲಾದದ್ದು ಬಿದ್ದವನು ಎದ್ದನೋ ಇಲ್ಲವೋ ಎಂಬುದು ಮಾತ್ರ. ಇವತ್ತಿನ ನನ್ನ ವಾದವೆಲ್ಲ ಇದರ ಮೇಲೆಯೇ ನಿಂತಿದೆ. ನಟನೆಯನ್ನು ಆಟಗಾರರ ಗುಣದೋಷವೆಂದು ನೋಡುವುದನ್ನು ಬಿಟ್ಟು, ಮಲಗಿದವನಿಗೆ ಲಾಭ ಕೊಡುವ ವ್ಯವಸ್ಥೆಯ ದೋಷವೆಂದು ನೋಡಬೇಕು.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಒಂದು ತಂಡಕ್ಕೆ 13 ಮಂದಿ, 80 ನಿಮಿಷದ ಆಟ. ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ನಿಲ್ಲಿಸುವುದು ಟ್ಯಾಕಲ್. ಚೆಂಡು ಕೈಯಲ್ಲಿರುವ ತಂಡಕ್ಕೆ ಆರು ಟ್ಯಾಕಲ್‌ಗಳ ಅವಕಾಶ. ಆರನೆಯದಾದ ಮೇಲೆ ಚೆಂಡು ಎದುರಾಳಿಗೆ. ಕಬಡ್ಡಿ ಆಡಿದವರಿಗೆ ಹಿಡಿತ ಎಂದರೇನು, ಹಿಡಿತದ ಬಿಸಿಯಲ್ಲಿ ತೋಳು ಎಲ್ಲಿಗೆ ಜಾರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗೆರೆಯಾಚೆ ಚೆಂಡು ಊರಿದರೆ, ಅಂದರೆ ಟ್ರೈ ಆದರೆ, 4 ಅಂಕ. ಪೆನಾಲ್ಟಿ ಗೋಲಿಗೆ 2. ಆದರೆ ಪೆನಾಲ್ಟಿಯ ನಿಜವಾದ ಬೆಲೆ ಆ ಎರಡು ಅಂಕಗಳಲ್ಲಿಲ್ಲ. ಪೆನಾಲ್ಟಿ ಪಡೆದ ತಂಡ ಚೆಂಡನ್ನು ಮೈದಾನದ ಬದಿಗೆರೆಯಾಚೆ ಒದ್ದರೂ ಚೆಂಡು ಮತ್ತೆ ಅದಕ್ಕೇ ಸಿಗುತ್ತದೆ. ಮೂವತ್ತು ಮೀಟರ್ ಮುಂದೆ, ಹೊಸದಾಗಿ ಆರು ಟ್ಯಾಕಲ್‌ಗಳೊಂದಿಗೆ. ತಪ್ಪು ಗಂಭೀರವಾಗಿದ್ದರೆ ಎದುರಾಳಿ 10 ನಿಮಿಷ ಸಿನ್ ಬಿನ್‌ಗೆ ಹೋಗುತ್ತಾನೆ, ಅಷ್ಟು ಹೊತ್ತು 13 ಮಂದಿಗೆ ಎದುರು 12. ದಣಿದ ತಂಡಕ್ಕೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ಒಂದು ಪೆನಾಲ್ಟಿ ಎಷ್ಟು ತೂಗುತ್ತದೆ ಎಂಬುದಕ್ಕೆ 2022ರ ಜುಲೈನಲ್ಲಿ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ ನಡೆದ ಪಂದ್ಯ ಸಾಕು. ವೆಸ್ಟ್ಸ್ ಟೈಗರ್ಸ್ 26–25ರಿಂದ ಮುಂದಿತ್ತು, ಉಳಿದದ್ದು ಕೊನೆಯ ಕಿಕ್‌ಆಫ್ ಮಾತ್ರ. ಚೆಂಡಿನ ಹಿಂದೆ ಓಡುತ್ತಿದ್ದ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ಆಟಗಾರನಿಗೂ ಎದುರಾಳಿಗೂ ಡಿಕ್ಕಿಯಾಯಿತು. ವಿಡಿಯೊ ನೋಡಿ ತೀರ್ಮಾನಿಸಿ ಎಂದು ಕೌಬಾಯ್ಸ್ ಮೇಲ್ಮನವಿ ಸಲ್ಲಿಸಿತು, ಬಂಕರ್ ಪೆನಾಲ್ಟಿ ಕೊಟ್ಟಿತು, ಗೋಲಾಯಿತು, 27–26. ಅಲ್ಲಿ ಯಾರೋ ನಟಿಸಿದರೆಂದು ನಾನು ಹೇಳುತ್ತಿಲ್ಲ. ಸಮಯ ಮುಗಿದ ಮೇಲೂ ಒಂದು ಡಿಕ್ಕಿ ಪಂದ್ಯವನ್ನೇ ತಿರುಗಿಸಬಲ್ಲದಾದರೆ, ಬೀಳುವುದನ್ನೇ ಕಲೆಯಾಗಿಸಿಕೊಳ್ಳುವ ಆಸೆ ಎಷ್ಟು ಬಲವಾಗಿರುತ್ತದೆ ಎಂದು ಯೋಚಿಸಿ.

ಆಸ್ಟ್ರೇಲಿಯಾದಲ್ಲಿ ಈ ಕಲೆಗೆ ಹಾಲು ಕರೆಯುವುದೆಂದೇ ಹೆಸರು. ರೆಫರಿಯಿಂದ ಪೆನಾಲ್ಟಿ ಕರೆದುಕೊಳ್ಳುವುದು. ಕರೆಯುವ ವಿಧಾನಗಳು ಕೆಲವು.

ಮೊದಲನೆಯದು ಆಗಲೇ ಹೇಳಿದ್ದು, ಎತ್ತರದ ಟ್ಯಾಕಲ್‌ಗೆ, ಅಂದರೆ ಕುತ್ತಿಗೆ ಅಥವಾ ತಲೆಗೆ ತಾಗುವ ತಪ್ಪು ಹಿಡಿತಕ್ಕೆ, ಮಲಗುವುದು. ಎರಡನೆಯದು ಅಡ್ಡಿಯ ನಟನೆ. ದಾಳಿ ಮಾಡುವ ತಂಡ ಚೆಂಡಿಲ್ಲದ ಒಬ್ಬನನ್ನು ಕಣ್ಕಟ್ಟಿಗಾಗಿ ಮುಂದೆ ಓಡಿಸುತ್ತದೆ. ಅವನು ರಕ್ಷಣಾ ಸಾಲನ್ನು ದಾಟಿಹೋಗಬೇಕು, ಅಲ್ಲೇ ನಿಂತು ಅಡ್ಡವಾಗಬಾರದು. ರಕ್ಷಕನಿಗೆ ಇದು ಚೆನ್ನಾಗಿ ಗೊತ್ತು. ಅವನು ಮೊದಲೇ ತಪ್ಪು ಕಡೆಗೆ ವಾಲಿರುತ್ತಾನೆ. ಚೆಂಡು ಹೋದ ಕಡೆ ಇನ್ನು ತಲುಪಲಾರ. ಆಗ ಆ ಓಟಗಾರನ ಭುಜ ಸೋಕಿದ್ದೇ ತಡ, ಕೈ ಚಾಚಿ ಕುಸಿಯುತ್ತಾನೆ. ಟ್ರೈ ಆದರೂ ಬಂಕರ್ ಅದನ್ನು ಅಳಿಸಬಹುದು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಯಾರೂ ಸೋಕದಿದ್ದರೆ ಈ ರಕ್ಷಕ ಚೆಂಡಿನವನನ್ನು ಹಿಡಿಯುತ್ತಿದ್ದನೇ? ಮೂರನೆಯದು, ಚೆಂಡು ಒದ್ದವನು ಒದ್ದ ಮೇಲೆ ತಾಗಿದ ಸಣ್ಣ ತಳ್ಳಿಗೂ ಉರುಳುವುದು. ಇನ್ನೊಂದು ತುಂಬ ನಾಜೂಕಿನದು. ಇಬ್ಬರು ಅಥವಾ ಹೆಚ್ಚು ಮಂದಿ ಹಿಡಿದಿರುವಾಗ ಚೆಂಡು ಕಸಿಯುವುದು ತಪ್ಪು. ಒಬ್ಬನೇ ಹಿಡಿದಿದ್ದರೆ ಕಸಿಯಬಹುದು. ಹಾಗಾಗಿ ಹಿಡಿತ ತಪ್ಪುತ್ತಿರುವ ಚೆಂಡನ್ನು, ಇಬ್ಬರು ಮೈಮೇಲಿದ್ದಾರೆ ಎಂದು ಖಚಿತವಾದಾಗ, ಬೇಕೆಂದೇ ಬಿಟ್ಟು ರೆಫರಿಯ ಕಡೆ ಕೈ ಎತ್ತುವುದು. 2020ರಲ್ಲಿ ಎನ್‌ಆರ್‌ಎಲ್, ಅಂದರೆ ಆಸ್ಟ್ರೇಲಿಯಾದ ಅಗ್ರ ರಗ್ಬಿ ಲೀಗ್ ಪಂದ್ಯಾವಳಿ, ತಂಡದ ನಾಯಕರಿಗೆ ಕೊಟ್ಟ ಮೇಲ್ಮನವಿಯ ಹಕ್ಕು ಈ ತಂತ್ರಕ್ಕೆ ಸ್ವಲ್ಪ ಮದ್ದಾಯಿತು. ಪಂದ್ಯಕ್ಕೆ ಒಂದೇ, ಗೆದ್ದರೆ ಉಳಿಯುತ್ತದೆ. ಮಲಗುವ ತಂತ್ರಕ್ಕೆ ಮಾತ್ರ ಅದು ಮದ್ದಾಗಲಿಲ್ಲ.

ಇದು ಈ ಆಟದ ಪ್ರೇಕ್ಷಕರನ್ನು ಇಷ್ಟು ನೋಯಿಸುವುದಕ್ಕೆ ಚರಿತ್ರೆಯೂ ಕಾರಣ. 1895ರ ಆಗಸ್ಟ್ 29ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ರಗ್ಬಿ ಯೂನಿಯನ್‌ನಿಂದ ಬೇರೆಯಾದಾಗ ಜಗಳವಿದ್ದದ್ದು ಕೂಲಿಯ ಬಗ್ಗೆ. ಆಡಲು ಹೋಗಿ ಗಣಿ, ಗಿರಣಿಯ ಸಂಬಳ ಕಳೆದುಕೊಳ್ಳುವವನಿಗೆ ಪರಿಹಾರ ಕೊಡಬೇಕೆ ಎಂದು. ದುಡಿಯುವವರ ಆಟ ಅದು, ನೋವನ್ನು ತೋರಿಸಿಕೊಳ್ಳದಿರುವುದೇ ಅದರ ಮರ್ಯಾದೆ. 1958ರಲ್ಲಿ ಬ್ರಿಸ್ಬೇನ್ ಟೆಸ್ಟಿನಲ್ಲಿ ಗ್ರೇಟ್ ಬ್ರಿಟನ್ ನಾಯಕ ಅಲನ್ ಪ್ರೆಸ್ಕಾಟ್ ಮೊದಲ ನಿಮಿಷಗಳಲ್ಲೇ ಕೈ ಮುರಿದುಕೊಂಡು ಕೊನೆಯವರೆಗೂ ಆಡಿ 25–18ರಿಂದ ಗೆದ್ದರು. 1970ರ ಸಿಡ್ನಿ ಲೀಗ್ ಫೈನಲ್‌ನಲ್ಲಿ ಸೌತ್ ಸಿಡ್ನಿಯ ಜಾನ್ ಸ್ಯಾಟ್ಲರ್ ಮುರಿದ ದವಡೆಯಲ್ಲೇ ಆಡಿ ಮುಗಿಸಿದರು. 2014ರಲ್ಲಿ ಅದೇ ತಂಡದ ಸ್ಯಾಮ್ ಬರ್ಜೆಸ್ ಮೊದಲ ಟ್ಯಾಕಲ್‌ನಲ್ಲೇ ಕೆನ್ನೆಯ ಮೂಳೆ ಮುರಿದುಕೊಂಡೂ ಫೈನಲ್‌ನ ಅತ್ಯುತ್ತಮ ಆಟಗಾರರಾದರು.

ಆ ಧೈರ್ಯಕ್ಕೆ ತಲೆಬಾಗುತ್ತೇನೆ. ಆದರೆ ಅದನ್ನೇ ಅಳತೆಗೋಲು ಮಾಡಿಕೊಳ್ಳುವುದನ್ನು ಒಪ್ಪಲಾರೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಮೆದುಳಿಗೆ ಮತ್ತೆ ಮತ್ತೆ ಬಿದ್ದ ಪೆಟ್ಟು ಹಾಗಲ್ಲ. ಈಗ ತಲೆಗೆ ಪೆಟ್ಟಾದ ಶಂಕೆಯಿದ್ದರೆ ಆಟಗಾರ ಹೊರಗೆ ಹೋಗಿ 15 ನಿಮಿಷ ತಪಾಸಣೆಗೆ ಒಳಗಾಗಬೇಕು. ಕನ್‌ಕಷನ್, ಅಂದರೆ ಪೆಟ್ಟಿನಿಂದ ಮೆದುಳು ಅದುರಿದ್ದು, ಎಂದು ಖಚಿತವಾದರೆ 2023ರಿಂದ ಎನ್‌ಆರ್‌ಎಲ್‌ನಲ್ಲಿ ಸಾಮಾನ್ಯವಾಗಿ ಕನಿಷ್ಠ 11 ದಿನ ವಿಶ್ರಾಂತಿ. 2021ರ ಮೇನಲ್ಲಿ ಬ್ರಿಸ್ಬೇನ್‌ನಲ್ಲಿ ನಡೆದ ಮ್ಯಾಜಿಕ್ ರೌಂಡ್‌ನಲ್ಲಿ, ಅಂದರೆ ಎಲ್ಲ ತಂಡಗಳೂ ಒಂದೇ ಊರಿನಲ್ಲಿ ಆಡುವ ಸುತ್ತಿನಲ್ಲಿ, ತಲೆಗೆ ತಾಗಿದ್ದನ್ನೆಲ್ಲ ಬಿಗಿಯಾಗಿ ಶಿಕ್ಷಿಸಿದಾಗ ಎಂಟು ಪಂದ್ಯಗಳಲ್ಲಿ 14 ಸಿನ್ ಬಿನ್, ಮೂವರು ಪಂದ್ಯದಿಂದಲೇ ಹೊರಗೆ. ಉದ್ದೇಶ ಸರಿಯಾದದ್ದೇ. ಆದರೆ ತಲೆಗೆ ತಾಗಿದ್ದಕ್ಕೆ ಬೆಲೆ ಏರಿದೊಡನೆ ತಾಗಿತೆಂದು ತೋರಿಸಿಕೊಳ್ಳುವುದಕ್ಕೂ ಬೆಲೆ ಏರಿತು.

ಹಾಗಾದರೆ ನಿಜವಾದ ಪೆಟ್ಟನ್ನು ಗುರುತಿಸುವುದು ಹೇಗೆ? ವೈದ್ಯರು ವಿಡಿಯೊದಲ್ಲಿ ಹುಡುಕುವ ಗುರುತುಗಳು ಇವು: ಪ್ರಜ್ಞೆ ತಪ್ಪುವುದು, ತೋಳುಗಳು ಸೆಟೆದು ನಿಲ್ಲುವುದು, ಬೀಳುವಾಗ ಕೈ ಊರಿ ತಡೆದುಕೊಳ್ಳದೆ ಮೂಟೆಯಂತೆ ಕುಸಿಯುವುದು, ಎದ್ದಾಗ ಕಾಲು ತೊಡರುವುದು, ಶೂನ್ಯ ನೋಟ. ಮುಖ ಹಿಡಿದುಕೊಳ್ಳುವುದು ಈ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಿ. ನಟಿಸುವವನಲ್ಲಿ ತಾಗಿದ್ದಕ್ಕೂ ತಲೆ ಹಿಂದಕ್ಕೆ ಹಾರುವುದಕ್ಕೂ ನಡುವೆ ಒಂದು ಅಂತರ ಕಾಣುತ್ತದೆ. ತಾಗಿದ್ದು ಗದ್ದಕ್ಕೆ, ಕೈ ಹೋಗುವುದು ಕಣ್ಣಿಗೆ. ಆದರೂ ಇದನ್ನು ನಂಬಿ ತೀರ್ಪು ಕೊಡುವುದು ಅಪಾಯ. ಕನ್‌ಕಷನ್‌ನ ಲಕ್ಷಣ ಕೆಲವೊಮ್ಮೆ ತಡವಾಗಿ ಬರುತ್ತದೆ. ಫುಟ್‌ಬಾಲಿನ ಹಾಗೆ ನಟನೆಗೆ ಹಳದಿ ಕಾರ್ಡ್ ತೋರಿಸುತ್ತ ಹೋದರೆ, ಒಂದು ದಿನ ನಿಜವಾಗಿ ತಲೆ ತಿರುಗುತ್ತಿರುವ ಹುಡುಗ ಶಿಕ್ಷೆಗೆ ಹೆದರಿ ಎದ್ದು ನಿಲ್ಲುತ್ತಾನೆ. ಆ ದಿನ ಬರಬಾರದು.

ಮನಸ್ಸನ್ನು ಅಳೆಯದೆ ಸಮಯದ ಬೆಲೆ ಕಟ್ಟುವ ನಿಯಮಗಳೇ ಹೆಚ್ಚು ಫಲ ಕೊಟ್ಟಿವೆ. 2021ರ ಸೆಪ್ಟೆಂಬರ್‌ನಲ್ಲಿ ಪೆನ್ರಿತ್ ತಂಡ ಪ್ಯಾರಮಾಟವನ್ನು 8–6ರಿಂದ ಸೋಲಿಸಿದ ಪಂದ್ಯದಲ್ಲಿ, ಎದುರಾಳಿ ದಾಳಿಯಲ್ಲಿದ್ದಾಗ ಪೆನ್ರಿತ್‌ನ ಟ್ರೈನರ್, ಅಂದರೆ ಮೈದಾನದಲ್ಲಿ ಆಟಗಾರರನ್ನು ನೋಡಿಕೊಳ್ಳುವ ಸಹಾಯಕ, ಗಾಯಾಳುವಿಗಾಗಿ ಆಟ ನಿಲ್ಲಿಸಿದ್ದಕ್ಕೆ ಕ್ಲಬ್ಬಿಗೆ 25,000 ಡಾಲರ್ ದಂಡ ಬಿತ್ತು. ಮರುವರ್ಷ ಎನ್‌ಆರ್‌ಎಲ್ ನಿಯಮ ತಂದಿತು: ಟ್ರೈನರ್ ಆಟ ನಿಲ್ಲಿಸಲು ಕೇಳಿದರೆ ಆ ಆಟಗಾರನನ್ನು ಬದಲಿಸಬೇಕು, ಇಲ್ಲವೆ ಎರಡು ನಿಮಿಷ ಹೊರಗೆ ಕಳಿಸಬೇಕು. ಇಂಗ್ಲೆಂಡಿನ ಸೂಪರ್ ಲೀಗ್‌ನಲ್ಲಿ ಇದೇ ಎರಡು ನಿಮಿಷಕ್ಕೆ ಹಸಿರು ಕಾರ್ಡ್ ಎಂದು ಹೆಸರು. ಯಾರನ್ನೂ ಸುಳ್ಳುಗಾರ ಎನ್ನಬೇಕಾಗಿಲ್ಲ. ನೋವಿದೆಯೇ, ಹೊರಗೆ ಬಾ, ನೋಡೋಣ, ಅಷ್ಟೇ.

ಆದರೆ ಒಂದು ಕಿಂಡಿ ಉಳಿದಿದೆ. ಟ್ರೈನರ್ ಕೇಳದೆ, ಬಂಕರ್ ನೋಡುವಷ್ಟು ಹೊತ್ತು ಮಾತ್ರ ಮಲಗಿ, ಪೆನಾಲ್ಟಿ ಸಿಕ್ಕೊಡನೆ ಎದ್ದು ಆಡುವವನಿಗೆ ಯಾವ ಬೆಲೆಯೂ ಇಲ್ಲ. ಬಂಕರ್ ಪರಿಶೀಲನೆಗಾಗಿ ಆಟ ನಿಂತಾಗಲೂ ಮಲಗಿದವನನ್ನು ವೈದ್ಯರ ಬಳಿ ಕಳಿಸಬೇಕು ಎಂಬುದು ನನ್ನ ಸಲಹೆ. ಪೆಟ್ಟು ತಿಂದ ತಂಡವೇ ಒಬ್ಬನನ್ನು ಕಳೆದುಕೊಳ್ಳುವುದು ಅನ್ಯಾಯವಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಅನ್ಯಾಯ. ಆದ್ದರಿಂದ ಪೆಟ್ಟು ತಿಂದವನು ಮರಳುವವರೆಗೆ ತಪ್ಪು ಮಾಡಿದವನೂ ಹೊರಗೆ ಕುಳಿತಿರಬೇಕು, ಎರಡೂ ಕಡೆ 12 ಮಂದಿ ಆಡಬೇಕು. ಎದ್ದು ಚೆಂಡಾಡಿದವನ ಮೇಲಾದ ತಪ್ಪನ್ನೂ ಬಂಕರ್ ಆಟ ನಡೆಯುತ್ತಿರುವಾಗಲೇ ಪರಿಶೀಲಿಸಿ, ಮುಂದಿನ ಬಾರಿ ಚೆಂಡು ನಿಂತಾಗ ಶಿಕ್ಷೆ ಕೊಡಬೇಕು. ಆಗ ಮಲಗಿದವನಿಗೆ ಸಿಗುವಷ್ಟೇ ನ್ಯಾಯ ಎದ್ದವನಿಗೂ ಸಿಗುತ್ತದೆ.