ಕಾಣದಾದ ಡಾಕ್ಟರ್ ಗಾಶೆ

ಕೇಳುಗರೇ, ನಮಸ್ಕಾರ.

1890ರ ಮೇ ತಿಂಗಳಲ್ಲಿ ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಪ್ಯಾರಿಸ್ಸಿಗೆ ಹತ್ತಿರದ ಓವೇರ್ ಎಂಬ ಹಳ್ಳಿಗೆ ಬಂದು ಇಳಿದ. ಅವನ ಆರೋಗ್ಯದ ಮೇಲೆ ಕಣ್ಣಿಡಲು ಒಪ್ಪಿದ್ದವರು ಅಲ್ಲಿನ ವೈದ್ಯ ಪಾಲ್ ಗಾಶೆ. ಚಿತ್ರಕಲೆಯ ಹುಚ್ಚಿದ್ದ ಮನುಷ್ಯ. ಸೆಜಾನ್, ಪಿಸ್ಸಾರೊ ಅವರಂಥ ಕಲಾವಿದರಿಗೆ ಆಪ್ತರು. ಅವರನ್ನು ಕಂಡ ವ್ಯಾನ್ ಗೋ, ಈ ವೈದ್ಯರು ತನಗಿಂತ ಹೆಚ್ಚು ಬಳಲಿದವರಂತೆ ತೋರುತ್ತಾರೆ ಎಂದು ತಮ್ಮ ತಿಯೋಗೆ ಬರೆದ. ಜೂನ್ ತಿಂಗಳಲ್ಲಿ ಅವರ ಭಾವಚಿತ್ರವನ್ನು ಬಿಡಿಸಿದ.

ಆ ಚಿತ್ರದಲ್ಲಿ ಗಾಶೆ ಕೆನ್ನೆಯನ್ನು ಮುಷ್ಟಿಗೆ ಆನಿಸಿ ಕುಳಿತಿದ್ದಾರೆ. ತಲೆಗೆ ಬಿಳಿ ಟೋಪಿ, ಮೈಮೇಲೆ ನೀಲಿ ಕೋಟು, ಹಿಂದೆಯೂ ನೀಲಿಯೇ. ಕೆಂಪು ಮೇಜಿನ ಮೇಲೆ ಎರಡು ಹಳದಿ ಪುಸ್ತಕಗಳು. ಜೊತೆಗೆ ಡಿಜಿಟಾಲಿಸ್ ಗಿಡದ ಹೂಗೊಂಚಲು. ಆ ಗಿಡದಿಂದ ಹೃದಯದ ಕಾಯಿಲೆಗೆ ಔಷಧ ತಯಾರಿಸುತ್ತಿದ್ದರು. ರೋಗಿಗೆ ಧೈರ್ಯ ಹೇಳಬೇಕಾದ ವೈದ್ಯರ ಕಣ್ಣಿನಲ್ಲೇ ಅಷ್ಟೊಂದು ದಣಿವು. ನನ್ನ ಮಟ್ಟಿಗೆ, ವ್ಯಾನ್ ಗೋ ಬರೆದ ಮುಖಗಳಲ್ಲಿ ಇಷ್ಟು ಕಾಡುವ ಮುಖ ಇನ್ನೊಂದಿಲ್ಲ.

ಅದೇ ಜೂನ್‌ನಲ್ಲಿ ತಂಗಿ ವಿಲ್‌ಗೆ ಬರೆದ ಪತ್ರದಲ್ಲಿ ಅವನು ತನ್ನ ಆಸೆಯನ್ನು ತೋಡಿಕೊಂಡಿದ್ದ. ನೂರು ವರ್ಷಗಳ ನಂತರದ ಜನರ ಕಣ್ಣಿಗೆ ಕಾಣಿಸಿಕೊಳ್ಳುವ ಛಾಯೆಗಳಂಥ ಭಾವಚಿತ್ರಗಳನ್ನು ಬರೆಯಬೇಕು ಎಂಬುದು ಆ ಆಸೆ. ಜುಲೈ 29ರಂದು ಅವನು ತೀರಿಕೊಂಡ. ಆರು ತಿಂಗಳಿಗೆ ತಿಯೋ ಕೂಡ ಹೋದ. ಚಿತ್ರಗಳ ರಾಶಿ ತಿಯೋನ ಪತ್ನಿ ಯೊಹಾನಾರ ಪಾಲಿಗೆ ಉಳಿಯಿತು. ಅವುಗಳನ್ನು ಜಗತ್ತಿನ ಕಣ್ಣಿಗೆ ಬೀಳಿಸಿದ್ದು ಆ ಹೆಣ್ಣುಮಗಳ ಛಲ.

1897ರಲ್ಲಿ ಗಾಶೆ ಚಿತ್ರ ಮುನ್ನೂರು ಫ್ರಾಂಕಿಗೆ ಮಾರಾಟವಾಯಿತು. ಹಲವು ಕೈ ದಾಟಿ 1911ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಸ್ಟೇಡೆಲ್ ಸಂಗ್ರಹಾಲಯವನ್ನು ಸೇರಿತು. ಅಲ್ಲಿ ಸುಮಾರು ಎರಡು ದಶಕ, ಒಳಗೆ ಬಂದವರೆಲ್ಲರೂ ಅದನ್ನು ಕಣ್ತುಂಬ ನೋಡಬಹುದಿತ್ತು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಸಂಗ್ರಹಾಲಯದವರು ಅದನ್ನು ಮಾಳಿಗೆಯ ಕೋಣೆಯಲ್ಲಿ ಬಚ್ಚಿಟ್ಟರು. ಆದರೂ ಉಳಿಸಿಕೊಳ್ಳಲಾಗಲಿಲ್ಲ. 1937ರಲ್ಲಿ ‘ಅಧಃಪತಿತ ಕಲೆ’ ಎಂಬ ಹಣೆಪಟ್ಟಿ ಹಚ್ಚಿ ನಾಜಿಗಳು ಅದನ್ನು ಕಿತ್ತುಕೊಂಡರು. ಕೀಳೆಂದು ಜರೆದ ಆ ಚಿತ್ರವನ್ನೇ ಹಿಟ್ಲರನ ಬಲಗೈಯಂತಿದ್ದ ಗೋರಿಂಗ್ ವಿದೇಶಿ ಹಣಕ್ಕಾಗಿ ಮಾರಿಸಿದ.

ಕೊನೆಗೆ ಅದು ಆಮ್‌ಸ್ಟರ್‌ಡ್ಯಾಮಿನ ಯಹೂದಿ ಬ್ಯಾಂಕರ್ ಸೀಗ್‌ಫ್ರೀಡ್ ಕ್ರಾಮಾರ್ಸ್ಕಿ ಅವರ ಕೈ ಸೇರಿತು. ಯುರೋಪನ್ನು ಬಿಟ್ಟು ನ್ಯೂಯಾರ್ಕಿಗೆ ಹೋದ ಆ ಮನೆತನದವರ ಜೊತೆ ಗಾಶೆಯೂ ಸಾಗರ ದಾಟಿದರು.

1990ರ ಮೇ 15. ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಜಪಾನಿನ ಕಾಗದ ಉದ್ಯಮಿ ರ್ಯೋಯಿ ಸೈಟೊ ಅವರ ಪರವಾಗಿ ಕೂಗಿದ ಬೆಲೆಗೆ ಚಿತ್ರ ಹೋಯಿತು. ಶುಲ್ಕವೂ ಸೇರಿ 8 ಕೋಟಿ 25 ಲಕ್ಷ ಡಾಲರ್! ಹರಾಜಿನಲ್ಲಿ ಅಲ್ಲಿಯವರೆಗೆ ಯಾವ ಚಿತ್ರಕ್ಕೂ ಅಷ್ಟು ಬೆಲೆ ಬಂದಿರಲಿಲ್ಲ. ವ್ಯಾನ್ ಗೋ ಬಯಸಿದ ನೂರು ವರ್ಷಗಳು ಆಗ ತಾನೇ ತುಂಬುತ್ತಿದ್ದವು. ಸರಿಯಾಗಿ ಅದೇ ಹೊತ್ತಿಗೆ ಚಿತ್ರ ಜನರ ಕಣ್ಣಿನಿಂದ ಮರೆಯಾಯಿತು.

ತಾನು ಸತ್ತಾಗ ಈ ಚಿತ್ರವನ್ನೂ ತನ್ನೊಂದಿಗೆ ದಹಿಸಬೇಕೆಂದು ಸೈಟೊ ಹೇಳಿದಾಗ ಜಗತ್ತೇ ಬೆಚ್ಚಿತು. ಅದು ಚಿತ್ರದ ಮೇಲಿನ ಅಕ್ಕರೆಯ ಮಾತಷ್ಟೇ ಎಂಬ ಸಮಜಾಯಿಷಿ ಆಮೇಲೆ ಬಂತು. 1996ರಲ್ಲಿ ಅವರು ತೀರಿಕೊಂಡರು. ಪುಣ್ಯಕ್ಕೆ ಚಿತ್ರ ಬೆಂಕಿಗೆ ಬೀಳಲಿಲ್ಲ. ಗುಟ್ಟಾಗಿ ಮತ್ತೆ ಕೈ ಬದಲಾಯಿಸಿತು. 2019ರಲ್ಲಿ ವ್ಯಾನ್ ಗೋ ಕುರಿತು ದೊಡ್ಡ ಪ್ರದರ್ಶನ ಏರ್ಪಡಿಸಿದ ಸ್ಟೇಡೆಲ್, ತನ್ನಲ್ಲಿ ಉಳಿದಿದ್ದ ಆ ಚಿತ್ರದ ಚೌಕಟ್ಟನ್ನು ಮಾತ್ರ, ಖಾಲಿಯಾಗಿಯೇ, ಗೋಡೆಗೆ ತೂಗುಹಾಕಿತು.

ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿ ಇನ್ನೊಂದು ಗಾಶೆ ಚಿತ್ರ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ವೈದ್ಯರ ಮಕ್ಕಳೇ ಅದನ್ನು 1949ರಲ್ಲಿ ಫ್ರಾನ್ಸ್ ದೇಶಕ್ಕೆ ದಾನ ಕೊಟ್ಟರು. ಅದರಲ್ಲಿ ಹಳದಿ ಪುಸ್ತಕಗಳಿಲ್ಲ. ಮೊದಲ ಚಿತ್ರದ ಹಿನ್ನೆಲೆಯಲ್ಲಿ ಅಲೆಯಂತೆ ಹೊರಳುವ ಕುಂಚದ ಗೆರೆಗಳ ಬಿರುಸೂ ಅದರಲ್ಲಿಲ್ಲ. ಒಂದನ್ನು ನೋಡಿದರೆ ಇನ್ನೊಂದನ್ನು ನೋಡಿದಂತಾಗುವುದಿಲ್ಲ.

ಕೋಟಿಗಟ್ಟಲೆ ಸುರಿದು ಕೊಂಡವರ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ಕ್ರಾಮಾರ್ಸ್ಕಿ ಮನೆತನದವರೂ ಅದರ ಒಡೆಯರೇ ಆಗಿದ್ದರು. ಆದರೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಚಿತ್ರವನ್ನು ಎರವಲು ಕೊಟ್ಟು, ಸಾವಿರಾರು ಜನ ಅದರ ಮುಂದೆ ನಿಲ್ಲುವಂತೆ ಮಾಡಿದ್ದರು. ಈಗಿನ ಒಡೆಯರು ತಮ್ಮ ಹೆಸರನ್ನು ಹೇಳಬೇಕಾಗಿಲ್ಲ. ವರ್ಷದಲ್ಲಿ ಒಂದೆರಡು ತಿಂಗಳಾದರೂ ಚಿತ್ರವನ್ನು ಯಾವುದಾದರೂ ಸಂಗ್ರಹಾಲಯಕ್ಕೆ ಕಳುಹಿಸಿಕೊಡಲಿ.

ನಮಸ್ಕಾರ.