ಬಸ್ರೂರಿನ ಹಲರು ಯಾರು?

ಕುಂದಾಪುರದಿಂದ ಬಸ್ರೂರಿಗೆ ಆರೇಳು ಕಿಲೋಮೀಟರ್, ಅಷ್ಟೇ. ಹೊರಗಿನಿಂದ ಬಂದ ಗೆಳೆಯರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಅಂದರೆ ನಮ್ಮ ಮನೆಯಲ್ಲೇ ಕೇಳುತ್ತಾರೆ, ‘ಅಲ್ಲೆಂತ ಇತ್ ಮಾರಾಯ್ರೆ?’

ಸುಮಾರು 1342ರ ಹೊತ್ತಿಗೆ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಈ ದಾರಿಯಾಗಿ ಬಂದ. ಅವನ ಬಾಯಲ್ಲಿ ನಮ್ಮ ಊರು ಅಬು ಸರೂರ್ ಆಯಿತು. ಅವನು ಬರೆದದ್ದೂ ಜಾಸ್ತಿ ಇಲ್ಲ: ಊರು ಸಣ್ಣದು, ಹಿನ್ನೀರು ದೊಡ್ಡದು, ತೆಂಗಿನ ಮರ ತುಂಬ. ಈಗ ವಾರಾಹಿ ಹೊಳೆಯ ದಡಕ್ಕೆ ಹೋಗಿ ನಿಂತರೂ ಬರೆಯಲು ಸಿಗುವುದು ಅಷ್ಟೇ ಅಲ್ವಾ!

ಆದರೆ ಹಿಂದೆ ಬಂದರಾಗಿದ್ದ ಈ ಸಣ್ಣ ಊರಿನ ಶಾಸನಗಳಲ್ಲಿ ನನಗೆ ಬಹಳ ಇಷ್ಟವಾದ ಒಂದು ಪದ ಇದೆ. ಹಲರು. ಅಂದರೆ ಹಲವರು, ಊರಿನ ಹತ್ತು ಜನ. ಮೂಡುಕೇರಿ, ಪಡುವಕೇರಿ ಅಂತ ಊರು ಎರಡು ಪಾಲು. ಅಲ್ಲಿನ ಹಲರು ಮತ್ತು ಸೆಟ್ಟಿಕಾರರು, ಅಂದರೆ ವ್ಯಾಪಾರಿಗಳ ಮುಖಂಡರು, ಕೂತು ಮಾತಾಡಿ ಊರಿನ ವ್ಯವಹಾರ ನೋಡಿಕೊಳ್ಳುತ್ತಿದ್ದರು. ಮೇಲೆ ವಿಜಯನಗರದ ಅರಸರಿದ್ದರು, ಬಾರಕೂರಿನಲ್ಲಿ ಅವರ ಅಧಿಕಾರಿಯೂ ಇದ್ದ, ಸರಿ. ಆದರೆ ದಿನದ ಕೆಲಸ ವ್ಯಾಪಾರಿಗಳ ಕೈಯಲ್ಲಿತ್ತು. ಕಡಲಾಚೆಯಿಂದ ಬಂದ ಮುಸ್ಲಿಂ ವ್ಯಾಪಾರಿಗಳ ಕೂಟಕ್ಕೆ ಹಂಜಮಾನ ಅಂತ ಹೆಸರು. ಇಲ್ಲಿನ ನಖರೇಶ್ವರ ದೇವಸ್ಥಾನದ ಹೆಸರೂ ಹಾಗೇ ಬಂದದ್ದು. ನಖರ ಅಂದರೆ ವ್ಯಾಪಾರಿಗಳ ಸಂಘ. ದೇವರೂ ಅಂಗಡಿಯವರ ಪೈಕಿ ನೋಡಿ.

ಇಷ್ಟೆಲ್ಲ ನಡೆದದ್ದು ಅಕ್ಕಿಯಿಂದ. ಘಟ್ಟದ ಕಾಳುಮೆಣಸಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಅಕ್ಕಿಯನ್ನು ಮರೆಯುತ್ತಾರೆ. ಗೋವಾದಲ್ಲಿ ಕೂತ ಪೋರ್ಚುಗೀಸರಿಗೆ ತಮ್ಮ ಜನಕ್ಕೆ ಊಟ ಹಾಕುವಷ್ಟು ಅಕ್ಕಿ ಅಲ್ಲಿ ಬೆಳೆಯುತ್ತಿರಲಿಲ್ಲ. ಅದಕ್ಕೇ ಅವರ ಕಣ್ಣು ಬರ್ಸೆಲೋರ್ ಮೇಲೆ, ಅಂದರೆ ನಮ್ಮ ಬಸ್ರೂರಿನ ಮೇಲೆ. ಮೊದಲು ವರ್ಷ ವರ್ಷ ಅಕ್ಕಿ ಕಪ್ಪ ಕೊಡಿ ಅಂದರು, ಆಮೇಲೆ 1569ರಲ್ಲಿ ಹೊಳೆಯ ಬಾಯಿಯ ಕಡೆ ಕೋಟೆಯನ್ನೇ ಹಿಡಿದು ಕೂತರು. ಹಳೆಯ ಪೇಟೆಗೆ ಅವರು ಇಟ್ಟ ಹೆಸರು ‘ಮೇಲಿನ ಬರ್ಸೆಲೋರ್’. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಓಡಿಸಿದ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲವಣದಿಂದ ಹಡಗುಗಳಲ್ಲಿ ಬಂದು ಪೇಟೆ ದೋಚಿಕೊಂಡು ಹೋದ. ಶಿವಾಜಿ ಕಥೆ ಹೇಳುವವರು ತುಂಬ ಜನ ಇದ್ದಾರೆ, ನಾನು ಬಿಡುತ್ತೇನೆ. ನನಗೆ ಕಾಣುವುದು ಇಷ್ಟೇ, ದೋಚಲು ಏನೋ ಇದ್ದರೆ ತಾನೆ ಅಷ್ಟು ದೂರದಿಂದ ಬರುವುದು?

ಈಗ ಹೆದ್ದಾರಿ ಕುಂದಾಪುರದ ಮೇಲೆ ಹೋಗುತ್ತದೆ, ತಾಲ್ಲೂಕು ಕಚೇರಿಯೂ ಅಲ್ಲೇ. ವಾರಾಹಿ ಮಾತ್ರ ಮೊದಲಿನ ಹಾಗೇ ಗಂಗೊಳ್ಳಿಯ ಹತ್ತಿರ ಇನ್ನು ನಾಲ್ಕು ಹೊಳೆಗಳ ಜೊತೆ ಸೇರಿ ಕಡಲಿಗೆ ಬೀಳುತ್ತದೆ.

ತುಳುವೇಶ್ವರ ದೇವಸ್ಥಾನ ನೋಡದೆ ಹೋಗಬೇಡಿ. ಇಟ್ಟಿಗೆಯ ಹಳೇ ಕಟ್ಟಡ. ಗೋಡೆಯನ್ನು ಗೋಳಿ ಮರ ಪೂರ್ತಿ ತಬ್ಬಿಕೊಂಡಿದೆ. ಬೇರು ಎಲ್ಲಿ ಮುಗಿಯಿತು, ಇಟ್ಟಿಗೆ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ಹುಡುಕಬೇಕು. ಗೋಡೆ ಒಡೆದದ್ದೂ ಆ ಮರವೇ, ಉಳಿದದ್ದನ್ನು ಬೀಳದಂತೆ ಹಿಡಿದುಕೊಂಡಿರುವುದೂ ಅದೇ. ಇವತ್ತು ಚಹಾ ಆದ ಮೇಲೆ ನಾನು ಅಲ್ಲಿಗೇ ಹೊರಟಿದ್ದೇನೆ, ಬರುವವರು ಬನ್ನಿ. ಮೋಡ ಕಟ್ಟಿದೆ, ಕೊಡೆ ಇರಲಿ.